ಗಟ್ಟಿ ದನಿಯ ಪರೀಕ್ಷೆ

ಹನ್ನೊಂದಕ್ಕೆ ಬರುತ್ತೇವೆ ಎಂದಿದ್ದಳು ಹೆಂಡತಿ. ಈಗಿನ್ನೂ ಒಂಬತ್ತೂಕಾಲು. ಅವನು ಆಗಲೇ ಎರಡು ಸಲ ಕೈ ತೊಳೆದಿದ್ದ. ಮೂರನೆಯ ಸಲ ಸೋಪು ಹಚ್ಚುವಾಗ ತನ್ನ ಮೇಲೆ ತನಗೇ ರೇಗಿತು. ಒಂಬತ್ತು ವರ್ಷ ನಾಯಿಗಳ ಶೆಲ್ಟರಿನಲ್ಲಿ ಕೆಲಸ ಮಾಡಿದವನ ಕೈಯಿಂದ ಈ ಸೋಪು ಏನನ್ನು ಕಿತ್ತುಹಾಕೀತು! ಅಲ್ಲದೆ ನಾಯಿ ನೋಡಲೆಂದೇ ಬರುವವರಿಗೆ ನಾಯಿಯ ವಾಸನೆ ಬಡಿದರೆ ಏನಂತೆ? ಆದರೂ ನಲ್ಲಿ ನಿಲ್ಲಿಸಿ ಬೆರಳು ಮೂಸಿ ನೋಡಿದ. ಏಳು ವರ್ಷದ ಮಗಳು, ಎಲ್ಲರೂ ಕಡ್ಡಿ ಎಂದು ಕರೆಯುವ ಮಗಳು, ಈ ಕೈ ಹಿಡಿದು ಹನ್ನೊಂದು ತಿಂಗಳಾಗಿತ್ತು. ಇವತ್ತು ಹಿಡಿದಾಳು ಎಂದೇನೂ ಅವನು ಅಂದುಕೊಂಡಿರಲಿಲ್ಲ. ಅಂದುಕೊಂಡಿಲ್ಲ ಎಂದು ಹೇಳಿಕೊಳ್ಳುತ್ತಲೇ ಬೆರಳ ಸಂದಿಗಳನ್ನೂ ಬಿಡದೆ ಒರೆಸಿಕೊಂಡ.

ಮಗಳನ್ನು ಕರೆದುಕೊಂಡು ತನ್ನ ಅಕ್ಕನ ಮನೆ ಸೇರಿದ್ದ ಹೆಂಡತಿ ಫೋನಿನಲ್ಲಿ ಆಡಿದ್ದು ನಾಲ್ಕು ಮಾತು. ಅದನ್ನು ಅವನು ವಾರವಿಡೀ ಮೆಲುಕು ಹಾಕಿದ್ದ. "ಅವಳಿಗೆ ನಾಯಿ ಬೇಕಂತೆ. ಅಕ್ಕನ ಮನೇಲೂ ಇಟ್ಕೋಬಹುದು, ಅಕ್ಕ ಬೇಡ ಅನ್ನಲ್ಲ. ಆದ್ರೆ ನಿಮ್ಮ ಹತ್ರ ಇದ್ರೆ, ಭಾನುವಾರ ನಾಯಿ ನೋಡೋಕಾದ್ರೂ ಬರ್ತಾಳೇನೋ ಅಂತ ನಂಗನ್ನಿಸ್ತು. ಮಕ್ಕಳ ಜೊತೆ ಹೊಂದ್ಕೊಂಡು ಹೋಗೋವಂಥದ್ದು ಒಂದು ಆರಿಸಿಡಿ." ಅಷ್ಟೇ. ಊಟ ಆಯಿತಾ ಎಂದು ಅವಳು ಕೇಳಲಿಲ್ಲ, ಅವನೂ ಕೇಳಲಿಲ್ಲ. ನಾಯಿ ನೋಡೋಕಾದ್ರೂ. ಅಂದರೆ ಅಪ್ಪನ ಮುಖ ನೋಡಲು ಬರುವುದಿಲ್ಲ. ಬೇಡ ಬಿಡು, ನಾಯಿಯನ್ನೇ ನೋಡಲಿ. ಅದು ಇರುವುದು ತನ್ನ ಮನೆಯ ಹಜಾರದಲ್ಲಿ, ಅದಕ್ಕೆ ನೀರಿಡುವವನು ತಾನು, ಅವಳು ಚಪ್ಪಲಿ ಬಿಡುವುದು ತನ್ನ ಬಾಗಿಲಲ್ಲಿ. ವರ್ಷಕ್ಕೆ ಐವತ್ತೆರಡು ಭಾನುವಾರ. ಅವನು ಒಂದು ಹಾಸಿಗೆ, ಎರಡು ಬಟ್ಟಲು ತಂದಿಟ್ಟಿದ್ದ. ಬಟ್ಟಲುಗಳು ಖಾಲಿ ಅಡುಗೆಮನೆಯ ಮೂಲೆಯಲ್ಲಿ ಕೂತು ನಾಲ್ಕು ದಿನದಿಂದ ಅವನನ್ನು ನೋಡುತ್ತಿದ್ದವು.

ಆರಿಸಿದ್ದು ಭಾವನನ್ನು. ಶೆಲ್ಟರಿನ ನಾಯಿಗಳಿಗೆಲ್ಲ ಹೆಸರಿಡುವವಳು ಅಡುಗೆಯಮ್ಮ. ಅವುಗಳಿಗೆ ಬೇಯಿಸಿ ಹಾಕುತ್ತಾ ಹಾಕುತ್ತಾ ಇಡೀ ಸಾಲಿಗೆ ನೆಂಟಸ್ತಿಕೆ ಕಟ್ಟಿಬಿಟ್ಟಿದ್ದಳು. ಮೊದಲನೆ ಗೂಡಿನಲ್ಲಿ ಚಿಕ್ಕಪ್ಪ, ನಾಲ್ಕರಲ್ಲಿ ನಾದಿನಿ, ಎಂಟರಲ್ಲಿ ದೊಡ್ಡಮ್ಮ. "ನನ್ನ ಕಡೆಯವರು ಯಾರೂ ನನ್ನ ಮನೆಗೆ ಬರಲ್ಲ ಮೇಷ್ಟ್ರೇ, ಅದಕ್ಕೆ ಇಲ್ಲೇ ಎಲ್ರನ್ನೂ ಕೂಡಿಹಾಕ್ಕೊಂಡಿದೀನಿ" ಎಂದು ನಗುತ್ತಿದ್ದಳು. ಹನ್ನೆರಡನೆ ಗೂಡಿನ ದಪ್ಪನೆಯ ಬಿಳಿ ನಾಯಿ ಭಾವ. ಹೆಂಡತಿಯ ತವರಿಗೆ ಬಂದ ಅಳಿಯನ ಹಾಗೆ ಕೂತಲ್ಲೇ ಕೂತಿರುತ್ತಿತ್ತು, ತಟ್ಟೆ ಮುಂದೆ ಬಂದರೆ ತಿನ್ನುತ್ತಿತ್ತು, ಕಿವಿ ಹಿಂಡಿದರೂ ಬಾಲ ಎಳೆದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಎದುರುಗಡೆ ಹದಿಮೂರರಲ್ಲಿ ಅತ್ತಿಗೆ, ಕಂದುಬಣ್ಣದ್ದು, ಒಂದು ಕಿವಿ ಮಡಿಚಿದ ನಡುವಯಸ್ಸಿನ ಹೆಣ್ಣುನಾಯಿ. ಬೀಗದ ಕೈಗೊಂಚಲು ಸೊಂಟದಲ್ಲಿದೆಯೋ ಎಂಬ ಠೀವಿಯಲ್ಲಿ ಓಡಾಡುತ್ತಿತ್ತು, ಪಕ್ಕದ ಗೂಡಿನ ಜಗಳಕ್ಕೂ ಎದ್ದು ನಿಂತು ಗದರಿಸುತ್ತಿತ್ತು. ಅತ್ತಿಗೆಯಂಥವಳನ್ನು ಯಾರು ಮನೆಗೆ ಕರೆದೊಯ್ದಾರು ಎಂದು ಅವನು ಮೊದಲೇ ಪಟ್ಟಿಯಿಂದ ಬಿಟ್ಟಿದ್ದ. ಭಾವನೇ ಸರಿ. ಭಾವ ಯಾರಿಗೂ ತೊಂದರೆ ಕೊಡುವುದಿಲ್ಲ.

ಯಾವ ನಾಯಿ ಯಾವ ಮನೆಗೆ ಹೊಂದುತ್ತದೆಂದು ಹೇಳುವುದು ಅವನ ಕೆಲಸ. ಅದಕ್ಕೇ ಅವನು ನಾಯಿ ಮೇಷ್ಟ್ರು. ಆ ಹೆಸರಿಟ್ಟವರು ಹಾಸ್ಯಕ್ಕೆ ಇಟ್ಟಿದ್ದು, ಅವನು ಗಂಭೀರವಾಗಿ ತೆಗೆದುಕೊಂಡು ಒಂಬತ್ತು ವರ್ಷವಾಯಿತು. ಮಕ್ಕಳಿರುವ ಮನೆಗೆ ಹೋಗಬೇಕಾದ ನಾಯಿಗೆ ಪರೀಕ್ಷೆ ಕಟ್ಟುನಿಟ್ಟು. ಕೋಲಿಗೆ ಕಟ್ಟಿದ ರಬ್ಬರಿನ ಕೈಯಿಂದ ಅದರ ಊಟದ ತಟ್ಟೆ ಎಳೆಯಬೇಕು. ಮೂರು ವರ್ಷದ ಮಗುವಿನಷ್ಟೆತ್ತರದ ಬೊಂಬೆಯನ್ನು ಅದರ ಪಕ್ಕ ನಡೆಸಬೇಕು, ಬೀಳಿಸಬೇಕು, ಅದರ ಕೈಯಿಂದ ನಾಯಿಯ ಕೂದಲು ಜಗ್ಗಿಸಬೇಕು. ಕೊನೆಯದು ಗಟ್ಟಿ ದನಿಯ ಪರೀಕ್ಷೆ: ದೊಡ್ಡವರೊಬ್ಬರು ಬೊಂಬೆಯ ಮುಂದೆ ನಿಂತು, ಕೈ ಎತ್ತಿ, ಕೂಗಾಡಿ ಬೈಯಬೇಕು. ಮನೆ ಅಂದಮೇಲೆ ಕೂಗಾಟ ಇದ್ದದ್ದೇ, ಆಗ ನಾಯಿ ಏನು ಮಾಡುತ್ತದೆ ಎಂದು ತಿಳಿಯಬೇಕಲ್ಲ. ಈ ಕೆಲಸಕ್ಕೆ ಬೇರೆ ಯಾರೂ ಒದಗುತ್ತಿರಲಿಲ್ಲ. ಬೊಂಬೆಯನ್ನು ಬೈಯಲು ನಿಂತರೆ ಅವರಿಗೆ ನಗು ಬಂದುಬಿಡುತ್ತಿತ್ತು. ಅವನಿಗೆ ಬರುತ್ತಿರಲಿಲ್ಲ. "ಮೇಷ್ಟ್ರು ಶುರು ಹಚ್ಕೊಂಡ್ರೆ ನನ್ನ ಎದೆಯೇ ಧಸಕ್ ಅನ್ನುತ್ತೆ ಕಣ್ರೀ" ಎಂದು ಅಡುಗೆಯಮ್ಮ ಹೇಳಿದಾಗ ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ. ಎಲ್ಲವನ್ನೂ ನೋಡಿಕೊಳ್ಳುವ ಡಾಕ್ಟರಮ್ಮನೂ ಒಮ್ಮೆ, ನಿಮ್ಮಷ್ಟು ಸಹಜವಾಗಿ ಯಾರೂ ಮಾಡೋದಿಲ್ಲ ಎಂದಿದ್ದರು. ಆ ದಿನ ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಂಡಿದ್ದ ಕೂಡ. ಅವಳು ತಲೆಯೆತ್ತದೆ ಬಟ್ಟೆ ಮಡಿಸುತ್ತಲೇ ಇದ್ದಳು.

ಅವರು ಹತ್ತು ನಿಮಿಷ ಮೊದಲೇ ಬಂದರು. ಗೇಟಿನ ಹತ್ತಿರ ಹೆಂಡತಿ ಬಗ್ಗಿ ಕಡ್ಡಿಯ ಕಿವಿಯಲ್ಲಿ ಏನೋ ಹೇಳಿದ್ದು ಕಂಡಿತು. ಕಡ್ಡಿ ಎರಡು ಹೆಜ್ಜೆ ಮುಂದೆ ಬಂದು, ಕೈ ಜೋಡಿಸಿ, "ನಮಸ್ಕಾರ" ಎಂದಳು. ನೀರಿನ ಮೀಟರು ನೋಡಲು ಬಂದವನಿಗೆ ಹೇಳುವ ಹಾಗೆ. ಅಡುಗೆಯಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ಅವನಿಗೆ ಮುಖವೆಲ್ಲ ಬಿಸಿಯಾಗಿ, "ನಮಸ್ಕಾರ ನಮಸ್ಕಾರ, ಬನ್ನಿ" ಎಂದುಬಿಟ್ಟ. ಬನ್ನಿ! ಹೆತ್ತ ಮಗಳಿಗೆ. ಎತ್ತರವಾಗಿದ್ದಾಳೆ, ಮುಂದಿನ ಹಲ್ಲು ಎರಡು ಬಿದ್ದಿವೆ, ಒಂದು ಅರ್ಧ ಬಂದಿದೆ. ಆ ಹಲ್ಲು ಯಾವತ್ತು ಬಿತ್ತು, ನೋವಾಯಿತಾ, ಯಾರು ಕಿತ್ತರು? ಕೇಳಬಹುದಿತ್ತು. "ದಾರೀಲಿ ಟ್ರಾಫಿಕ್ ಇತ್ತಾ?" ಎಂದು ಹೆಂಡತಿಯನ್ನು ಕೇಳಿದ. ಇರಲಿಲ್ಲ ಎಂದಳು.

ಪರೀಕ್ಷೆಯ ಕೋಣೆ ಉದ್ದನೆಯದು, ಸಿಮೆಂಟಿನ ನೆಲ, ಗೋಡೆಗೆ ಒತ್ತಿ ನಾಲ್ಕು ಕುರ್ಚಿ. ನಾಯಿ ಒಯ್ಯುವ ಮನೆಯವರು ಪೂರ್ತಿ ಪರೀಕ್ಷೆ ಕೂತು ನೋಡಲೇಬೇಕೆಂಬುದು ನಿಯಮ. ಬರೀ ಕಾಗದ ನೋಡಿ ಒಯ್ದವರು ವಾರದೊಳಗೆ ವಾಪಸ್ ತಂದುಬಿಡುತ್ತಿದ್ದರು. ತಾಯಿ ಮಗಳು ಕೂತರು. ಡಾಕ್ಟರಮ್ಮ ಕಾಗದದ ಹಲಗೆ ಹಿಡಿದು ಕೂತರು. ಅವನು ಕಪಾಟು ತೆಗೆದು ಬೊಂಬೆಯನ್ನು ಈಚೆಗೆ ತಂದು ನೆಲದ ಮೇಲೆ ನಿಲ್ಲಿಸಿದ. ಹಿಂದಿನಿಂದ ಸಣ್ಣ ದನಿ ಬಂತು: "ಅದು ನನ್ನ ಫ್ರಾಕು." ಹಳದಿ ಬಣ್ಣದ್ದು, ಜೇಬಿನ ಮೇಲೆ ಮೀನು ಹೊಲಿದದ್ದು. ಬೊಂಬೆಯ ಹಳೆ ಅಂಗಿಯನ್ನು ಒಂದು ನಾಯಿ ಹರಿದು ಚಿಂದಿ ಮಾಡಿದಾಗ, ಮನೆಯಲ್ಲಿ ಹೇಗೂ ಚಿಕ್ಕದಾದ ಬಟ್ಟೆ ಬಿದ್ದಿದೆಯಲ್ಲ ಎಂದು ಅವನೇ ತಂದು ತೊಡಿಸಿದ್ದ. ಎಂಟು ತಿಂಗಳಿನಿಂದ ಅದನ್ನು ಬೀಳಿಸಿದ್ದ, ಎಳೆದಾಡಿದ್ದ, ಅದರ ಮುಂದೆ ನಿಂತು ಕೈ ಎತ್ತಿದ್ದ. ದೇವರಾಣೆ, ಅದು ಫ್ರಾಕು ಎಂದು ಮಾತ್ರ ಹೊಳೆದಿತ್ತು. "ನಿಂಗೆ ಚಿಕ್ಕದಾಗಿತ್ತಲ್ಲಾ ಪುಟ್ಟಾ..." ಎಂದ. ಹೆಂಡತಿ ಕಿಟಕಿಯ ಕಡೆ ತಿರುಗಿದಳು. ತೆಗೆಯಲೋ ಎಂದು ಗುಂಡಿಗೆ ಕೈ ಹಾಕಿದ, ಬರಿಮೈ ಬೊಂಬೆ ಇನ್ನೂ ಕೆಟ್ಟದಾಗಿ ಕಂಡೀತೆನಿಸಿ ಬಿಟ್ಟ.

ಭಾವ ಬಂತು. ತಟ್ಟೆ ಎಳೆದರೆ ತಲೆಯೆತ್ತಿ ಸುಮ್ಮನೆ ನಿಂತಿತು. ಬೊಂಬೆ ಬಿದ್ದರೆ ನೋಡಲೂ ಇಲ್ಲ. ಕೂದಲು ಜಗ್ಗಿದರೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿತು. "ಎಂಥಾ ಸಾಧು!" ಎಂದರು ಡಾಕ್ಟರಮ್ಮ. ಹೆಂಡತಿಯ ಭುಜ ಸ್ವಲ್ಪ ಸಡಿಲಾಯಿತು. "ಇಷ್ಟೇ, ಸಾಕಲ್ವಾ ಡಾಕ್ಟರಮ್ಮ?" ಎಂದು ಅವನು ಕೇಳಿದ. ಡಾಕ್ಟರಮ್ಮ ಕಾಗದದಿಂದ ಕಣ್ಣು ತೆಗೆಯದೆ, "ಗಟ್ಟಿ ದನಿ ಉಳೀತಲ್ಲ ಮೇಷ್ಟ್ರೇ. ಯಾರೇ ಬಂದ್ರೂ ಪೂರ್ತಿ ಮಾಡಬೇಕು ಅನ್ನೋರು ನೀವೇ ತಾನೆ?" ಎಂದರು. ಹೌದು, ನಿಯಮ ಮಾಡಿಸಿದವನು ಅವನೇ. ಅವನು ಬೊಂಬೆಯ ಮುಂದೆ ನಿಂತ. ಕುರ್ಚಿಗಳಿಗೆ ಬೆನ್ನು ಬರುವಂತೆ ನಿಲ್ಲಬಹುದಾಗಿತ್ತು, ಆದರೆ ನಾಯಿ ಕಾಣಬೇಕಿತ್ತು, ನಾಯಿ ಕಂಡರೆ ಕುರ್ಚಿಗಳೂ ಕಾಣುತ್ತಿದ್ದವು. ಬಾಯಿ ತೆರೆದ. "ಎಷ್ಟು ಸಲ ಹೇಳ್ಬೇಕು ನಿಂಗೆ" ಎಂದ. ಜೋಲು ದನಿ. ಕೆಮ್ಮಿ ಗಂಟಲು ಸರಿಮಾಡಿಕೊಂಡ. ಇನ್ನೊಮ್ಮೆ ಹೇಳಿದ. ಅದೂ ಹಾಗೇ ಬಂತು, ಬಸ್ಸಿನಲ್ಲಿ ಜಾಗ ಬಿಡಿ ಎಂದು ಬೇಡುವವನ ಹಾಗೆ. ಡಾಕ್ಟರಮ್ಮ ಆಶ್ಚರ್ಯದಿಂದ ನೋಡಿದರು. ಆಗ ಕಡ್ಡಿ, ಶಾಲೆಯಲ್ಲಿ ಪಕ್ಕದವನಿಗೆ ಮರೆತ ಸಾಲು ಹೇಳಿಕೊಡುವಷ್ಟು ಮೆಲ್ಲಗೆ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: "ಜೋರಾಗಿ ಅಪ್ಪ. ಮನೇಲಿ ಬೈತಿದ್ಯಲ್ಲ, ಹಂಗೆ."

ಅಪ್ಪ ಎಂದಳು. ಇವತ್ತಿಗೆ ಮೊದಲ ಸಲ. ಹನ್ನೊಂದು ತಿಂಗಳಿಗೆ ಮೊದಲ ಸಲ. ಆ ಒಂದು ಮಾತನ್ನು ಎತ್ತಿಕೊಂಡು ಓಡಿಹೋಗಬೇಕೆನ್ನಿಸಿತು, ಆದರೆ ಅದರ ಹಿಂದೆಯೇ ಉಳಿದ ಮಾತೂ ಬಂದಿತ್ತು, ಎಲ್ಲರೂ ಕೇಳಿಸಿಕೊಂಡಿದ್ದರು. ಒಂದೇ ಒಂದು ದಿನವೂ ಅವನು ಮಗಳ ಮೇಲೆ ಕೈ ಮಾಡಿದವನಲ್ಲ. ಇದನ್ನು ಅವನು ಹೆಂಡತಿಯ ಅಕ್ಕನ ಗಂಡನ ಮುಂದೆ, ತನ್ನ ತಾಯಿಯ ಮುಂದೆ, ಒಮ್ಮೆ ಬಸ್ ನಿಲ್ದಾಣದಲ್ಲಿ ಹೆಂಡತಿಯ ಮುಂದೆ ಹೇಳಿದ್ದ: ಒಂದೇಟು ಹೊಡೆದಿದ್ರೆ ತೋರಿಸು. ಅವಳು, "ಹೊಡೀಬೇಕಾಗಿರ್ಲಿಲ್ಲ" ಎಂದಿದ್ದಳು. ಅವರು ಮನೆ ಬಿಟ್ಟುಹೋದ ಆ ದಿನ, ಅವನು ಶೆಲ್ಟರಿನಿಂದ ತಂದಿದ್ದ ಪರೀಕ್ಷೆಯ ಕಾಗದಗಳ ಹಿಂದೆ ಕಡ್ಡಿ ಕ್ರೇಯಾನಿನಲ್ಲಿ ಮನೆ ಬರೆದಿದ್ದಳು, ಹದಿನಾಲ್ಕು ಕಾಗದ, ಹದಿನಾಲ್ಕು ಮನೆ. ಅವನು ಬೈದ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಅವಳು ಕೈ ಕಟ್ಟಿಕೊಂಡು ಅಲ್ಲಾಡದೆ ನಿಂತಿದ್ದಳು. ಬೈಯುತ್ತಿರುವಾಗಲೇ ಅವನ ಮನಸ್ಸಿನ ಒಂದು ಮೂಲೆಯಲ್ಲಿ ಹೆಮ್ಮೆ ಇತ್ತು: ನೋಡು, ಬೇರೆ ಮಕ್ಕಳ ಹಾಗೆ ರಚ್ಚೆ ಹಿಡಿಯುವುದಿಲ್ಲ, ಎಷ್ಟು ಜಾಣೆ, ನಿಂತು ಕೇಳಿಸಿಕೊಳ್ಳುತ್ತಾಳೆ. ಹೆಂಡತಿ ಬಂದು ನೋಡುವ ತನಕ ಅವಳ ಕಾಲ ಕೆಳಗೆ ನೆಲ ಒದ್ದೆಯಾಗಿದ್ದು ಅವನಿಗೆ ಕಂಡಿರಲಿಲ್ಲ. ಒರೆಸುವ ಬಟ್ಟೆಯನ್ನು ತಂದವನು ತಾನೇ ಎಂದು ಮಾತ್ರ ಆಮೇಲೆ ಎಷ್ಟೋ ಸಲ ನೆನಪಿಸಿಕೊಂಡಿದ್ದ. ಈಗ ಬೊಂಬೆಯ ಮುಂದೆ ಕೈ ಎತ್ತಿ ಅವನು ಕೂಗಿದ. ದನಿ ಬಂತು, ತನ್ನಷ್ಟಕ್ಕೆ ತಾನೇ ಬಂತು, ಗೋಡೆಗೆ ಬಡಿದು ವಾಪಸ್ ಬಂತು.

ಭಾವ ಮಲಗಿದ್ದಲ್ಲಿಂದ ಕದಲಲಿಲ್ಲ. "ಉತ್ತಮ" ಎಂದು ಡಾಕ್ಟರಮ್ಮ ಬರೆದುಕೊಂಡರು. "ನೋಡಿ, ಇದಕ್ಕಿಂತ ಒಳ್ಳೇದು ಸಿಗಲ್ಲ. ನೀವೇ ಇಟ್ಕೊಳ್ತೀರಂತಲ್ಲ ಮೇಷ್ಟ್ರೇ, ಇಲ್ಲೊಂದು ಸಹಿ ಹಾಕಿಬಿಡಿ." ಸಹಿ ಹಾಕಿದರೆ ಮುಗಿಯಿತು. ನಾಳೆಯೇ ಭಾನುವಾರ. ಹೆಂಡತಿ ಕಡ್ಡಿಯ ಬೆನ್ನು ಮುಟ್ಟಿ, "ಹೋಗು, ಮಾತಾಡ್ಸು" ಎಂದಳು. ಕಡ್ಡಿ ಬಂದು ನಾಯಿಯ ಎದುರು ಕುಕ್ಕರುಗಾಲಲ್ಲಿ ಕೂತಳು, ಮುಟ್ಟಲಿಲ್ಲ. ತುಂಬ ಹೊತ್ತು ಅದರ ಮುಖವನ್ನೇ ನೋಡಿದಳು. "ಇದಕ್ಕೆ ಭಯ ಆಗಿದೆ" ಎಂದಳು.

"ಇಲ್ಲಮ್ಮಾ, ಅದು ತುಂಬಾ ಸಾಧು. ನೋಡು, ಅಲ್ಲಾಡ್ತಾನೂ ಇಲ್ಲ" ಎಂದರು ಡಾಕ್ಟರಮ್ಮ.

"ಅದಕ್ಕೇ ಅಲ್ಲಾಡ್ತಿಲ್ಲ," ಎಂದಳು ಕಡ್ಡಿ. ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಹಾಗೆ. "ಅಲ್ಲಾಡದೆ ಇದ್ರೆ ಬೇಗ ಮುಗಿಯುತ್ತೆ."

ನಾಯಿಯ ಪಕ್ಕ ಅವನೂ ಮಂಡಿಯೂರಿದ. ಅದರ ನಾಲಿಗೆ ಮೂಗಿನ ತುದಿಯನ್ನು ನೆಕ್ಕಿ ಒಳಗೆ ಹೋಗುತ್ತಿತ್ತು, ಮತ್ತೆ ನೆಕ್ಕುತ್ತಿತ್ತು. ಕಣ್ಣಿನ ಅಂಚಿನಲ್ಲಿ ಬಿಳಿ. ಹಿಂಗಾಲುಗಳು ಬಿಗಿದು ಕಲ್ಲಾಗಿದ್ದವು. ಹೊಸದಾಗಿ ಕೆಲಸ ಕಲಿಯಲು ಬಂದವರಿಗೆ ಮೊದಲ ದಿನವೇ ಅವನು ಹೇಳಿಕೊಡುವ ಪಾಠ ಇದು: ಅಲ್ಲಾಡದ ನಾಯಿಯೆಲ್ಲ ಸಮಾಧಾನದ ನಾಯಿ ಅಂದ್ಕೋಬೇಡಿ, ಎಲ್ಲವನ್ನೂ ನುಂಗಿಕೊಂಡ ನಾಯಿ ಒಂದು ದಿನ ಗುರ್ರ್ ಅನ್ನದೆ ಕಚ್ಚುತ್ತೆ. ನಾಲ್ಕು ದಿನದಿಂದ ಭಾವನ ನಾಲಿಗೆಯನ್ನು ಅವನು ನೋಡಿಯೇ ಇದ್ದ. ಹಸಿವಿರಬೇಕು ಎಂದುಕೊಂಡಿದ್ದ. ಎಂಥಾ ಮೇಷ್ಟ್ರು! ಊರ ನಾಯಿಗಳ ಮನಸ್ಸನ್ನೆಲ್ಲ ಓದುವವನು. ತನ್ನ ಮನೆಯಲ್ಲಿ ಎದುರಿಗೇ ನಿಂತ ಮಗುವನ್ನು ಜಾಣೆ ಎಂದು ಓದಿದವನು. ಅವಮಾನವೇನೂ ಹೊಸದಾಗಿರಲಿಲ್ಲ, ದುಃಖವೇ ಹೊಸದು. "ಇದು ಬೇಡ" ಎಂದ.

"ಯಾಕ್ರೀ? ಎಲ್ಲದ್ರಲ್ಲೂ ಪಾಸಾಗಿದೆ" ಎಂದರು ಡಾಕ್ಟರಮ್ಮ.

"ಇವಳು ಹೇಳಿದ್ದು ಸರಿ. ಮಕ್ಕಳ ಹತ್ರ ಇದನ್ನ ಬಿಡೋ ಹಾಗಿಲ್ಲ. ನೀವು ಬರೆದದ್ದನ್ನ ಹೊಡೆದು ಹಾಕಿ, ಇನ್ನೊಂದು ನಾಯಿ ನೋಡೋಣ." ಡಾಕ್ಟರಮ್ಮ ತುಟಿ ಬಿಗಿದುಕೊಂಡು ಉತ್ತಮ ಎಂಬುದರ ಮೇಲೆ ಗೀಟೆಳೆದರು.

ಅತ್ತಿಗೆಯನ್ನು ತಂದದ್ದು ಅಡುಗೆಯಮ್ಮ. ಹೆಣ್ಣು ನೋಡಲು ಬಂದವರ ಮುಂದೆ ಕರೆತಂದಷ್ಟು ಸಂಭ್ರಮದಲ್ಲಿ ಬೆನ್ನು ಬಾಚಿ ತಂದಿದ್ದಳು. ತಟ್ಟೆ ಎಳೆದರೆ ಅತ್ತಿಗೆ ರಬ್ಬರಿನ ಕೈಯನ್ನು ಮೂಸಿ, ಅಸಡ್ಡೆಯಿಂದ ಪಕ್ಕಕ್ಕೆ ಸರಿದು ಕಾದು ನಿಂತಿತು. ಬೊಂಬೆ ಬಿದ್ದಾಗ ಹತ್ತಿರ ಹೋಗಿ ಅದರ ಮುಖ ನೆಕ್ಕಿತು. ಕೂದಲು ಜಗ್ಗಿದಾಗ ಎದ್ದು, ಮೈ ಕೊಡವಿ, ಆಚೆ ಹೋಗಿ ಕೂತಿತು. ಬೇಡ ಅನ್ನಿಸಿದರೆ ಎದ್ದು ಹೋಗುವ ನಾಯಿ. ಮಕ್ಕಳ ಮನೆಗೆ ಬೇಕಾದದ್ದು ಇದೇ, ಇದನ್ನೂ ಅವನೇ ಹತ್ತಾರು ಜನಕ್ಕೆ ಹೇಳಿದ್ದ. ಆಮೇಲೆ ಕೈ ಎತ್ತಿ ಕೂಗಿದ. ಅತ್ತಿಗೆ ಓಡಲಿಲ್ಲ, ಹಲ್ಲು ತೋರಿಸಲಿಲ್ಲ. ನಡೆದು ಬಂದು ಅವನಿಗೂ ಬೊಂಬೆಗೂ ನಡುವೆ ಅಡ್ಡ ನಿಂತಿತು. ತಲೆಯೆತ್ತಿ ಅವನ ಮುಖಕ್ಕೆ ಒಂದೇ ಸಲ ಬೊಗಳಿತು, ಸಾಕು ನಿಲ್ಲಿಸಪ್ಪ ಎನ್ನುವಂತೆ. ಅವನು ನಿಲ್ಲಿಸಿದ. ಕಡ್ಡಿ ಕುರ್ಚಿಯಿಂದ ಇಳಿದು ಓಡಿ ಬಂದು ನಾಯಿಯ ಆ ಬದಿಗೆ ನಿಂತು ಅದರ ಬೆನ್ನ ಮೇಲೆ ಕೈಯಿಟ್ಟಳು. ಅವಳ ಮುಖದಲ್ಲಿ ನಗು ಇತ್ತು, ಹಲ್ಲು ಬಿದ್ದ ಜಾಗ ಕಾಣುವಷ್ಟು ನಗು. ಅವನ ಎತ್ತಿದ ಕೈ ಇನ್ನೂ ಮೇಲೇ ಇತ್ತು, ಇಳಿಸಿಕೊಂಡ.

"ಇದೇ ಬೇಕು," ಎಂದಳು ಕಡ್ಡಿ. "ಅಪ್ಪ, ಇದು ನಿನ್ನ ಮನೇಲಿ ಇರುತ್ತಾ?"

ನಿನ್ನ ಮನೆ. ಅವಳೇ ಕೇಳುತ್ತಿದ್ದಳು. ಹೂಂ ಎಂದರೆ ಸಾಕಿತ್ತು, ಹೂಂ ಅನ್ನುವುದಕ್ಕೆ ಬಾಯಿ ತೆರೆಯಲೂ ಬೇಕಿಲ್ಲ. ಇಷ್ಟು ಬದಲಾಗಿದ್ದೇನೆ, ಇನ್ನು ಕೂಗುವುದಿಲ್ಲ, ಬರೆದು ಕೊಡುತ್ತೇನೆ ಎಂದೆಲ್ಲ ಗಂಟಲವರೆಗೆ ಬಂತು. ನಿಜವೂ ಇರಬಹುದು. ಆದರೆ ಹನ್ನೊಂದು ತಿಂಗಳಿನಿಂದ ಅವನು ಕೂಗದೆ ಇದ್ದದ್ದು ಮನೆಯಲ್ಲಿ ಯಾರೂ ಇಲ್ಲದ್ದಕ್ಕೆ. ಈಗಷ್ಟೆ ಆ ದನಿ ಎಷ್ಟು ಸಲೀಸಾಗಿ ಬಂತೆಂದು ಅವನಿಗೆ ಗೊತ್ತಿತ್ತು. ಬೇರೆ ಯಾರೋ ಅಪ್ಪ ಬಂದು ಈ ನಾಯಿ ಕೇಳಿದ್ದರೆ ತಾನು ಏನು ಹೇಳುತ್ತಿದ್ದೆನೆಂದೂ ಗೊತ್ತಿತ್ತು. "ಇದನ್ನ ಕೂಗಾಡೋರು ಇರೋ ಮನೆಗೆ ಕೊಡಬಾರದು," ಎಂದ, ಮಗಳಿಗಲ್ಲ, ಡಾಕ್ಟರಮ್ಮನಿಗೆ. "ಇವತ್ತು ಅಡ್ಡ ನಿಂತಿದೆ. ದಿನಾ ಆದ್ರೆ ಒಂದಿನ ಬಾಯಿ ಹಾಕುತ್ತೆ. ಇವರ ಅಕ್ಕನ ಮನೆಗೆ ಸರಿಹೋಗುತ್ತೆ. ಅಲ್ಲಿ ಅವಳಿ ಮಕ್ಕಳಿವೆ, ಮೂರು ವರ್ಷದವು, ಈ ನಾಯಿ ನಿಭಾಯಿಸುತ್ತೆ. ಅಲ್ಲಿಗೇ ಕಳಿಸಿ." ಹೆಂಡತಿ ಅವನನ್ನು ನೇರವಾಗಿ ನೋಡಿದಳು, ಎಷ್ಟೋ ದಿನದ ಮೇಲೆ. "ಯೋಚನೆ ಮಾಡಿ ಹೇಳ್ತಿದ್ದೀರಾ? ಭಾನುವಾರ..." ಎಂದಳು. "ಮಾಡಿದೀನಿ," ಎಂದ. ಇನ್ನೊಂದು ಸಲ ಕೇಳಿದ್ದರೆ ಸೋತುಬಿಡುತ್ತಿದ್ದ. ಅವಳು ಕೇಳಲಿಲ್ಲ. ಪೆನ್ನು ತೆಗೆದುಕೊಂಡು ಅಕ್ಕನ ಮನೆಯ ವಿಳಾಸ ತುಂಬತೊಡಗಿದಳು.

ಕಾರಿನ ಹಿಂದಿನ ಸೀಟಿನಲ್ಲಿ ಅತ್ತಿಗೆ ಹತ್ತಿ ಕೂತದ್ದನ್ನು ನೋಡಿ ಅಡುಗೆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹೋದ ಮನೆಯಲ್ಲಿ ಒಳ್ಳೆ ಹೆಸರು ತಗೋಳಮ್ಮ ಎಂದಳು. ಕಿಟಕಿಯ ಗಾಜು ಇಳಿಯಿತು. ಕಡ್ಡಿ ಕೈ ಈಚೆಗೆ ಚಾಚಿದಳು. ಅವನು ಎರಡು ಹೆಜ್ಜೆ ಮುಂದೆ ಬಂದ. ಅವಳು ಹನ್ನೆರಡನೆ ಗೂಡಿನ ಕಡೆ ಬೆರಳು ತೋರಿಸುತ್ತಿದ್ದಳು. "ಆ ಬಿಳೀದನ್ನ ಯಾರು ಕರ್ಕೊಂಡು ಹೋಗ್ತಾರೆ?" ಎಂದಳು. ಯಾರಾದ್ರೂ ಬರ್ತಾರೆ ಎಂದ ಅವನು. "ಅದಕ್ಕೆ ಯಾರೂ ಬೈಬಾರ್ದು ಅಂತ ಹೇಳು." ಹೇಳ್ತೀನಿ ಎಂದ. ಕಾರು ಗೇಟು ದಾಟಿ, ಬೀದಿಯ ತಿರುವಿನಲ್ಲಿ ಸ್ವಲ್ಪ ನಿಂತು, ಹೋಯಿತು.

ಒಳಗೆ ಡಾಕ್ಟರಮ್ಮ ಭಾವನ ಕಾಗದ ಮುಂದಿಟ್ಟುಕೊಂಡು ಕಾಯುತ್ತಿದ್ದರು. "ಇದಕ್ಕೇನು ಬರೀಲಿ ಹೇಳಿ. ಎಂಥ ಮನೆಗೆ ಕೊಡಬಹುದು?" ಅವನು ಪೆನ್ನು ಇಸಕೊಂಡು ತಾನೇ ಬರೆದ: ಮಕ್ಕಳಿಲ್ಲದ ಮನೆಗೆ ಮಾತ್ರ. "ಅಯ್ಯೋ, ಅಂಥವರು ನಾಯಿ ಕೇಳ್ಕೊಂಡು ಎಲ್ಲಿ ಬರ್ತಾರ್ರೀ! ಇದು ಇಲ್ಲೇ ಮುದಿಯಾಗುತ್ತೆ ಅಷ್ಟೇ," ಎಂದರು. ಅವನು ಹಾಳೆ ತಿರುಗಿಸಿದ. ಒಯ್ಯುವವರ ಹೆಸರು ಎಂಬಲ್ಲಿ ತನ್ನ ಹೆಸರು ಬರೆದ. ತನ್ನ ಬೀದಿ, ತನ್ನ ಮನೆಯ ನಂಬರು. ಮನೆಯಲ್ಲಿರುವ ದೊಡ್ಡವರು: ಒಬ್ಬರು. ಅದರ ಕೆಳಗಿನ ಸಾಲಿನಲ್ಲಿ ಮನೆಯಲ್ಲಿ ಮಕ್ಕಳೆಷ್ಟು ಎಂದು ಅಚ್ಚು ಹಾಕಿತ್ತು. ಪೆನ್ನು ಅಲ್ಲಿ ಬಹಳ ಹೊತ್ತು ನಿಂತಿತು, ಮಸಿ ಒಂದು ಚುಕ್ಕೆಯಾಗಿ ಹರಡಿತು. ಆ ಚುಕ್ಕೆಯ ಸುತ್ತ ಅವನು ಸೊನ್ನೆ ಬರೆದ.